ಕಾರ್ಡಿಗೆ ಬಾರದ ಡ್ರಾಪ್ಸ್

ಪೊರೆ ಆಪರೇಷನ್ ಆದರೆ ಒಂದು ಸಲ ದುಡ್ಡು ಹೊಂದಿಸಿದರೆ ಮುಗಿಯಿತು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ನಾಲ್ಕು ದಿನ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿ ಮೇಲೆ ಕೂರುತ್ತಾರೆ. ಆಮೇಲೆ ಬಂದವರಿಗೆಲ್ಲ "ಎಲ್ಲಾ ಹೊಳೀತಾ ಇದೆ ಕಣ್ರೀ" ಅಂತ ಹೇಳಿಕೊಂಡು ಖುಷಿಪಡುತ್ತಾರೆ. ಗ್ಲಾಕೋಮಾದಲ್ಲಿ ಆ ಖುಷಿ ಇಲ್ಲ. ಎಷ್ಟೇ ಖರ್ಚು ಮಾಡಿದರೂ ಹೋದ ನೋಟ ಒಂದಿಷ್ಟೂ ವಾಪಸ್ ಬರುವುದಿಲ್ಲ. ಕೊಡುವ ದುಡ್ಡೆಲ್ಲ, ಇನ್ನೂ ಉಳಿದಿರುವುದು ಉಳಿಯಲಿ ಅಂತ. ಏನೂ ಫಲ ಕಾಣದ ಒಂದು ಖರ್ಚನ್ನು ತಿಂಗಳು ತಿಂಗಳೂ ಮಾಡುವುದು ಎಷ್ಟು ಕಷ್ಟ ಅನ್ನುವುದನ್ನು ನಮ್ಮ ದೊಡ್ಡಮ್ಮನ ಮನೆಯಲ್ಲಿ ನೋಡಿದ್ದೇನೆ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಊರು ತಿಪಟೂರಿನ ಹತ್ತಿರ. ಸ್ವಲ್ಪ ತೆಂಗಿನ ತೋಟ, ಮಗನದೊಂದು ಪಂಕ್ಚರ್ ಅಂಗಡಿ, ಇಷ್ಟರಲ್ಲಿ ನಡೆಯುವ ಸಂಸಾರ. ಕಣ್ಣಿನ ಬಿಲ್ಲುಗಳನ್ನೆಲ್ಲ ಅವರು ಬಟ್ಟೆ ಅಂಗಡಿಯ ಒಂದು ಹಳೇ ಕವರಿನಲ್ಲಿ ತುಂಬಿಟ್ಟಿದ್ದರು. ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಬೇಕು ಅಂತ ಆ ಕವರ್ ನನ್ನ ಕೈಗೆ ಬಂತು. ತಾರೀಕಿನ ಪ್ರಕಾರ ಜೋಡಿಸಿಕೊಂಡು ಕೂತೆ. ಮೊದಮೊದಲ ಬಿಲ್ಲುಗಳಲ್ಲಿ ಒಂದೇ ಸಾಲು ಇತ್ತು. ಬರುಬರುತ್ತಾ ಎರಡು ಸಾಲು, ಮೂರು ಸಾಲು. ಆಮೇಲೆ ಆಸ್ಪತ್ರೆಯ ಉದ್ದನೆಯ ಬಿಲ್ಲು. ಕಾಯಿಲೆ ಹೇಗೆ ಬೆಳೆಯಿತು ಅಂತ ಡಾಕ್ಟರ ಫೈಲ್ ನೋಡದೆ, ಮೆಡಿಕಲ್ ಶಾಪಿನ ಚೀಟಿ ನೋಡಿಯೇ ಹೇಳಬಹುದಿತ್ತು.

ಗೊತ್ತಿಲ್ಲದವರಿಗೆ ಕಾಯಿಲೆ ಬಗ್ಗೆ ಎರಡು ಮಾತು. ಕಣ್ಣಿನ ಒಳಗೆ ಯಾವಾಗಲೂ ಒಂದು ತಿಳಿ ನೀರು ಹುಟ್ಟುತ್ತಾ ಇರುತ್ತದೆ, ಒಂದು ಸಣ್ಣ ಜಾಲರಿಯ ಮೂಲಕ ಹೊರಗೆ ಹೋಗುತ್ತಾ ಇರುತ್ತದೆ. ನಲ್ಲಿ ನಿಲ್ಲಿಸದೆ ಬಚ್ಚಲ ಜಾಲರಿಗೆ ಕಸ ಕಟ್ಟಿದರೆ ಏನಾಗುತ್ತದೋ ಇಲ್ಲೂ ಅದೇ. ಒಳಗೆ ಪ್ರೆಶರ್ ಏರುತ್ತದೆ. ಸಾಮಾನ್ಯವಾಗಿ 10ರಿಂದ 21 ಇರಬೇಕಾದ್ದು 25, 30 ಆಗುತ್ತದೆ. ಆ ಒತ್ತಡಕ್ಕೆ ಕಣ್ಣಿನ ಹಿಂದಿನ ನರ ನಿಧಾನವಾಗಿ ಸಾಯುತ್ತದೆ. ಕೆಲವರಿಗೆ ಪ್ರೆಶರ್ ಸರಿಯಿದ್ದೂ ನರ ಹೋಗುವುದುಂಟು, ಅದು ಬೇರೆ ಕಥೆ. ನಮ್ಮ ಕಡೆ ಇದಕ್ಕೆ "ಕಣ್ಣಿನ ಬಿಪಿ" ಅಂತಾರೆ. ಬಿಪಿ ಮಾತ್ರೆ ತಗೊಂಡರೆ ಇದೂ ಇಳಿಯುತ್ತೆ ಅಂದುಕೊಂಡವರನ್ನೂ ನೋಡಿದ್ದೇನೆ. ಆ ಮಾತ್ರೆ ಇದಕ್ಕೆ ಮದ್ದಲ್ಲ.

ದೊಡ್ಡಮ್ಮ ಹೋಗಿದ್ದು ಚಾಳೀಸು ಬದಲಾಯಿಸೋಕೆ. ಡಾಕ್ಟರು ಪ್ರೆಶರ್ ನೋಡಿ, ದೀಪ ಬಿಟ್ಟು ನೋಡಿ, "ಅಮ್ಮಾ, ನರ ವೀಕ್ ಆಗಿದೆ, ಇನ್ನು ಮೇಲೆ ದಿನಾ ಡ್ರಾಪ್ಸ್ ಹಾಕಬೇಕು, ಜೀವನಪೂರ್ತಿ" ಅಂದರಂತೆ. ಮನೆಗೆ ಬಂದು ಅವರು ನಗುತ್ತಾ ಹೇಳಿದ್ದು ನನಗೆ ಇನ್ನೂ ನೆನಪಿದೆ. "ನೋವಿಲ್ಲ, ಉರಿಯಿಲ್ಲ, ನೀರು ಸೋರೋದಿಲ್ಲ. ಸೂಜಿಗೆ ದಾರ ಪೋಣಿಸ್ತೀನಿ. ಇವರಿಗೆ ವ್ಯಾಪಾರ ಆಗಬೇಕಲ್ಲ ಮಗಾ!"

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಈ ಕಾಯಿಲೆ ಅಂಚಿನ ನೋಟದಿಂದ ಶುರು ಮಾಡುತ್ತದೆ, ನಡುವಿನ ನೋಟವನ್ನು ಕೊನೆಗೆ ಮುಟ್ಟುತ್ತದೆ. ಒಂದು ಕಣ್ಣಿನಲ್ಲಿ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ನಲವತ್ತು ದಾಟಿದವರಲ್ಲಿ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆ ಅನ್ನುವ ಅಂದಾಜು 2010ರಲ್ಲೇ ಬಂದಿದ್ದರೂ, ಚೆನ್ನೈ ಕಡೆ, ಆಂಧ್ರದ ಕಡೆ ಮನೆಮನೆಗೆ ಹೋಗಿ ಪರೀಕ್ಷೆ ಮಾಡಿದಾಗ ಕಾಯಿಲೆ ಇದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಎಷ್ಟೋ ಜನ ಪೊರೆ ಅಂದುಕೊಂಡು, "ಬಲಿಯಲಿ, ಆಮೇಲೆ ತೆಗೆಸೋಣ" ಅಂತ ಕಾಯುತ್ತಾ ಕೂತಿರುತ್ತಾರೆ.

ಈಗ ದುಡ್ಡಿನ ವಿಷಯ. ಗ್ಲಾಕೋಮಾ ಡ್ರಾಪ್ಸ್‌ಗಳಲ್ಲಿ ಅಗ್ಗದ್ದು ಟಿಮೊಲಾಲ್. 1970ರ ದಶಕದ ಕೊನೆಯಲ್ಲಿ ಬಂದ ಔಷಧ, ಇವತ್ತೂ ಬಾಟಲಿ ನೂರು ರೂಪಾಯಿಯ ಒಳಗೇ ಸಿಗುತ್ತದೆ. ಆದರೆ ಉಬ್ಬಸ ಇರುವವರಿಗೆ ಅದು ಆಗುವುದಿಲ್ಲ. ಕಣ್ಣಿಗೆ ಬಿಟ್ಟ ಹನಿ ಮೂಗಿನ ದಾರಿಯಲ್ಲಿ ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ತೊಂದರೆ ಕೊಡುತ್ತದೆ. ದೊಡ್ಡಮ್ಮನಿಗೆ ಉಬ್ಬಸ ಇತ್ತು. ಹಾಗಾಗಿ ಅಗ್ಗದ ಬಾಗಿಲು ಮೊದಲ ದಿನವೇ ಮುಚ್ಚಿತು. ಲಟಾನೊಪ್ರೋಸ್ಟ್ ಬರೆದುಕೊಟ್ಟರು. ರಾತ್ರಿ ಮಲಗುವಾಗ ಒಂದೊಂದು ಹನಿ. ಬಾಟಲಿ ಎರಡೂವರೆ ಎಂಎಲ್, ನಮ್ಮ ಹೆಬ್ಬೆರಳಿನಷ್ಟೂ ಇಲ್ಲ, ಬೆಲೆ ಆಗ ಐನೂರರ ಆಸುಪಾಸು. ತೆರೆದ ಮೇಲೆ ನಾಲ್ಕರಿಂದ ಆರು ವಾರಕ್ಕೆ ಎಸೆಯಬೇಕು. ತೆರೆಯದ ಬಾಟಲಿ ಫ್ರಿಜ್ಜಿನಲ್ಲೇ ಇರಬೇಕು. ಹಳ್ಳಿಯಲ್ಲಿ ಕರೆಂಟು ಹೋದಾಗಲೆಲ್ಲ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಅದನ್ನು ಮಜ್ಜಿಗೆ ಪಾತ್ರೆಗೆ ಆನಿಸಿಡುತ್ತಿದ್ದ. ಎಷ್ಟರ ಮಟ್ಟಿಗೆ ಸರಿಯೋ ದೇವರೇ ಬಲ್ಲ.

ಈ ಜಾತಿಯ ಡ್ರಾಪ್ಸ್‌ಗೆ ಒಂದು ತಮಾಷೆಯ ಅಡ್ಡಪರಿಣಾಮ ಇದೆ. ಕಣ್ಣಿನ ರೆಪ್ಪೆ ಕೂದಲು ಉದ್ದ, ದಟ್ಟ ಆಗುತ್ತದೆ. ಇದನ್ನು ನೋಡಿ ಅಮೆರಿಕದಲ್ಲಿ ಬೈಮಟೊಪ್ರೋಸ್ಟ್ ಅನ್ನುವ ಇದರ ತಂಗಿಯಂಥ ಔಷಧವನ್ನು ರೆಪ್ಪೆ ಬೆಳೆಸೋಕೆ ಅಂತಲೇ ಮಾರೋಕೆ 2008ರಲ್ಲಿ ಅನುಮತಿ ಕೊಟ್ಟರು. ದೊಡ್ಡಮ್ಮನ ರೆಪ್ಪೆಯೂ ಚೆನ್ನಾಗಿಯೇ ಬೆಳೆದಿತ್ತು. ಊರಿನ ಹೆಂಗಸರು ಕೇಳಿದರೆ "ತಿಂಗಳಿಗೆ ಐನೂರು ಸುರೀತೀನಿ, ಇಷ್ಟಾದರೂ ಬೇಡವಾ?" ಅನ್ನುತ್ತಿದ್ದರು.

ಒಂದು ಬಾಟಲಿ ಸಾಲಲಿಲ್ಲ. ಡೋರ್ಜೊಲಮೈಡ್ ಸೇರಿತು, ದಿನಕ್ಕೆ ಮೂರು ಸಲ. ಆಮೇಲೆ ಬ್ರಿಮೊನಿಡಿನ್. ಅದು ಅಲರ್ಜಿಯಾಗಿ ಕಣ್ಣು ಕೆಂಡವಾಯಿತು, ಅರ್ಧ ಬಾಟಲಿ ಹಾಗೇ ಎಸೆಯಬೇಕಾಯಿತು, ಅಲರ್ಜಿಗೆ ಬೇರೆ ಔಷಧ. ಟಿಮೊಲಾಲ್ ಬೆರೆಸಿದ ಕಾಂಬಿನೇಷನ್ ಬಾಟಲಿಗಳು ಸಿಗುತ್ತವೆ, ಎರಡು ಔಷಧ ಒಂದರಲ್ಲೇ ಮುಗಿಯುತ್ತದೆ, ಸ್ವಲ್ಪ ಉಳಿತಾಯ. ಉಬ್ಬಸದವರಿಗೆ ಅದೂ ಇಲ್ಲ.

ಅಮೆರಿಕದಲ್ಲಿ ಇದೇ ಲೆಕ್ಕವನ್ನು ಯಾರೋ ಕೂತು ಮಾಡಿದ್ದಾರೆ. ಹನ್ನೆರಡು ಕಡೆಯ 151 ರೋಗಿಗಳ ಫೈಲ್ ತೆಗೆದು, ಕಾಯಿಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆಷ್ಟು ಖರ್ಚು ಅಂತ ನೋಡಿದರು. 2006ರಲ್ಲಿ ಅದು ಪ್ರಕಟವಾಯಿತು. ಶುರುವಿನ ಹಂತದಲ್ಲಿ, ಇನ್ನೂ ಅನುಮಾನದ ಮೇಲೆ ನೋಡುತ್ತಿರುವವರಿಗೆ, ವರ್ಷಕ್ಕೆ 623 ಡಾಲರ್. ಕೊನೆಯ ಹಂತದವರಿಗೆ 2511 ಡಾಲರ್. ನಾಲ್ಕು ಪಟ್ಟು. ಎಲ್ಲ ಹಂತದಲ್ಲೂ ದೊಡ್ಡ ಪಾಲು ಔಷಧದ್ದೇ. ಯುರೋಪಿನಲ್ಲಿ ಅದಕ್ಕೂ ಒಂದು ವರ್ಷ ಮೊದಲು ಇಂಥದ್ದೇ ಲೆಕ್ಕ ಮಾಡಿದಾಗ 455 ಯುರೋದಿಂದ 969 ಯುರೋಗೆ ಏರಿತ್ತು, ಅಂದರೆ ಎರಡು ಪಟ್ಟು. ಡಾಲರ್, ಯುರೋ ಲೆಕ್ಕವನ್ನು ತಿಪಟೂರಿಗೆ ತರೋಕಾಗಲ್ಲ, ನಿಜ. ಆದರೆ ಮೆಟ್ಟಿಲು ಹತ್ತಿದ ಹಾಗೆ ಏರುವ ಆ ರೀತಿ ನಮ್ಮ ಕವರಿನಲ್ಲೂ ಹಾಗೇ ಇತ್ತು.

ಒಂದು ವ್ಯತ್ಯಾಸ ಮಾತ್ರ ಇದೆ. ಅಲ್ಲಿ ಬಹುಪಾಲು ಜನರ ಪರವಾಗಿ ಇನ್ಶೂರೆನ್ಸೋ ಸರ್ಕಾರವೋ ಕೊಡುತ್ತದೆ. ಇಲ್ಲಿ ಡ್ರಾಪ್ಸ್ ದುಡ್ಡು ನಮ್ಮ ಜೇಬಿನದು. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇದ್ದಾಗ ಕೆಲವು ಡ್ರಾಪ್ಸ್ ಪುಕ್ಕಟೆ ಸಿಗುತ್ತವೆ, ಆದರೆ ದೊಡ್ಡಮ್ಮನಿಗೆ ಬೇಕಾದದ್ದು ಬೇಕಾದಾಗ ಸಿಕ್ಕಿದ್ದು ಅಪರೂಪ. ಪ್ರೈವೇಟ್ ಇನ್ಶೂರೆನ್ಸ್ ಇದ್ದವರಿಗೂ ಸಾಮಾನ್ಯವಾಗಿ ಅಡ್ಮಿಟ್ ಆದರೆ ಮಾತ್ರ ದುಡ್ಡು, ಮನೆಯಲ್ಲಿ ಹಾಕಿಕೊಳ್ಳುವ ಹನಿಗೆ ಇಲ್ಲ.

ಕೊಬ್ಬರಿ ರೇಟು ಬಿದ್ದ ವರ್ಷ ದೊಡ್ಡಮ್ಮ ಡ್ರಾಪ್ಸ್ ದಿನ ಬಿಟ್ಟು ದಿನ ಹಾಕೋಕೆ ಶುರು ಮಾಡಿದರು. ಯಾರಿಗೂ ಹೇಳಲಿಲ್ಲ. ಡಾಕ್ಟರ ಹತ್ತಿರ ಹೋಗುವ ವಾರ ಮಾತ್ರ ತಪ್ಪದೆ ಹಾಕುತ್ತಿದ್ದರು, ಬೈತಾರೆ ಅಂತ. ಹಾಗಾಗಿ ಹೋದ ದಿನ ಪ್ರೆಶರ್ ಚೆನ್ನಾಗಿಯೇ ಇರುತ್ತಿತ್ತು, ನೋಟ ಮಾತ್ರ ಹೋಗುತ್ತಲೇ ಇತ್ತು. ಡಾಕ್ಟರಿಗೂ ಒಗಟು. ಇದು ದೊಡ್ಡಮ್ಮನೊಬ್ಬರ ಕಥೆಯಲ್ಲ, ಕಣ್ಣಿನ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತಿರುವ ಚಾಳಿ.

ಇನ್ನು ಹನಿ ಹಾಕುವುದೂ ಸುಲಭ ಅಲ್ಲ. ಕೈಗೆ ಸಂಧಿವಾತ, ಬೆರಳು ಬಾಟಲಿಯನ್ನು ಹಿಂಡೋದಿಲ್ಲ. ಹಿಂಡಿದರೆ ಒಟ್ಟಿಗೆ ಮೂರು ಹನಿ. ಒಂದು ರೆಪ್ಪೆ ಮೇಲೆ, ಒಂದು ಕೆನ್ನೆ ಮೇಲೆ, ಒಂದು ದಿಂಬಿನ ಮೇಲೆ. ತಿಂಗಳು ಬರಬೇಕಾದ ಬಾಟಲಿ ಮೂರು ವಾರಕ್ಕೆ ಖಾಲಿ. ಕೊನೆಗೆ ಒಬ್ಬ ನರ್ಸ್ ತಾಳ್ಮೆಯಿಂದ ಹೇಳಿಕೊಟ್ಟರು. ಮಲಗಿಕೊಳ್ಳಿ. ಕೆಳಗಿನ ರೆಪ್ಪೆ ಎಳೆದು ಜೇಬು ಮಾಡಿಕೊಳ್ಳಿ. ಒಂದೇ ಹನಿ ಬಿಡಿ, ಎರಡನೇ ಹನಿಗೆ ಕಣ್ಣಿನಲ್ಲಿ ಜಾಗವೇ ಇಲ್ಲ, ಅದು ಸುಮ್ನೆ ಹೊರಗೆ ಹರಿಯುತ್ತದೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಎರಡು ನಿಮಿಷ ಒತ್ತಿ ಹಿಡಿಯಿರಿ. ಇನ್ನೊಂದು ಔಷಧ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಇಷ್ಟು ಹೇಳಿಕೊಟ್ಟಿದ್ದಕ್ಕೆ ಅವರು ಒಂದು ರೂಪಾಯಿಯೂ ತಗೊಳ್ಳಲಿಲ್ಲ, ಅದರಿಂದ ಉಳಿದ ದುಡ್ಡು ಮಾತ್ರ ಕಡಿಮೆಯೇನಲ್ಲ.

ಡ್ರಾಪ್ಸ್ ಅಲ್ಲದೆ ಪರೀಕ್ಷೆಗಳ ಖರ್ಚು ಬೇರೆ. ಕಾಯಿಲೆ ಕಡಿಮೆ ಇದ್ದಾಗ ನೋಟದ ಹರವು ಅಳೆಯುವ ಫೀಲ್ಡ್ ಟೆಸ್ಟ್ ವರ್ಷಕ್ಕೊಂದು, ಕಣ್ಣಿನ ನರದ ಪದರ ಅಳೆಯುವ ಓಸಿಟಿ ಸ್ಕ್ಯಾನ್ ಒಂದು ಸಾಕಿತ್ತು. ಹೆಚ್ಚಾದ ಹಾಗೆ ಆರು ತಿಂಗಳಿಗೊಮ್ಮೆ, ಒಮ್ಮೊಮ್ಮೆ ಅದಕ್ಕೂ ಮೊದಲೇ. ಫೀಲ್ಡ್ ಟೆಸ್ಟ್ ಅಂದರೆ ದೊಡ್ಡಮ್ಮನಿಗೆ ಎಲ್ಲಕ್ಕಿಂತ ಬೇಜಾರು. ಕತ್ತಲ ಕೋಣೆ. ಬಿಳಿ ಬೋಗುಣಿಯೊಳಗೆ ಗದ್ದ ಇಟ್ಟು ಕೂರಬೇಕು. ಒಂದು ಕಣ್ಣಿಗೆ ಪಟ್ಟಿ. ನಡುವಿನ ಚುಕ್ಕೆಯನ್ನೇ ನೋಡುತ್ತಾ, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಹೊರಗೆ ಕೂತ ನಮಗೆ ಟಿಕ್ ಟಿಕ್ ಅಂತ ಗುಂಡಿಯ ಸದ್ದು ಕೇಳುತ್ತದೆ. ಮೊದಲ ವರ್ಷ ಸದ್ದು ಬೇಗಬೇಗ ಬರುತ್ತಿತ್ತು. ಆಮೇಲಿನ ವರ್ಷಗಳಲ್ಲಿ ನಡುವೆ ತುಂಬಾ ಹೊತ್ತು ಸದ್ದೇ ಇರುತ್ತಿರಲಿಲ್ಲ. ನಿದ್ದೆ ಬಂದಿರಬೇಕು ಅಂತ ಅಣ್ಣ ಸಮಾಧಾನ ಮಾಡಿಕೊಳ್ಳುತ್ತಿದ್ದ. ಹೊರಗೆ ಬಂದ ದೊಡ್ಡಮ್ಮ "ಅದರಲ್ಲಿ ದೀಪವೇ ಹಾಕಿರಲಿಲ್ಲ ಕಣೋ, ನಾನು ಎಲ್ಲಿಂದ ಒತ್ತಲಿ?" ಅಂದರು.

ಮೂರು ಬಾಟಲಿಗೂ ಪ್ರೆಶರ್ ಬಗ್ಗದಾಗ ಆಪರೇಷನ್ ಅಂದರು. ಅದಕ್ಕೆ ಮುಂಚೆ ಕೆಲವು ದಿನ ಅಸೆಟಜೊಲಮೈಡ್ ಮಾತ್ರೆ, ಕೈಕಾಲು ಬೆರಳೆಲ್ಲ ಜುಮುಜುಮು ಅನ್ನುವ ಮಾತ್ರೆ. ಆಪರೇಷನ್ ಹೆಸರು ಟ್ರಾಬೆಕ್ಯುಲೆಕ್ಟಮಿ. ಕಣ್ಣಿನ ಬಿಳಿ ಭಾಗದಲ್ಲಿ ಒಂದು ಪುಟ್ಟ ಕಿಂಡಿ ಮಾಡಿ ನೀರಿಗೆ ಹೊಸ ದಾರಿ ಬಿಡುತ್ತಾರೆ.

ಇಲ್ಲಿ ಬಂತು ನೋಡಿ ಸರ್ಕಾರದ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ರೆಫರಲ್ ಪತ್ರ ತಂದೆವು, ಹೆಬ್ಬೆಟ್ಟು ಒತ್ತಿಸಿದರು, ಆಪರೇಷನ್ ಆಯಿತು, ಬಿಲ್ಲು ನಮ್ಮ ತಲೆ ಮೇಲೆ ಬರಲಿಲ್ಲ. ಅದಕ್ಕೆ ನಾನು ನಿಜಕ್ಕೂ ಋಣಿ. ಆ ಕಾರ್ಡು ಇಲ್ಲದಿದ್ದರೆ ತೋಟದ ಮೇಲೆ ಸಾಲ ಏಳುತ್ತಿತ್ತು. ಆದರೂ ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ಯೋಚನೆ ತಲೆ ಬಿಡಲಿಲ್ಲ. ಐನೂರು ರೂಪಾಯಿಯ ಹನಿ ಸರಿಯಾಗಿ ಬಿದ್ದಿದ್ದರೆ ಈ ಆಪರೇಷನ್ ಬೇಡವಾಗುತ್ತಿತ್ತೋ ಏನೋ. ಆ ಹನಿಗೆ ಕಾರ್ಡು ಇಲ್ಲ. ನರ ಮುಕ್ಕಾಲು ಸತ್ತ ಮೇಲಿನ ಕತ್ತರಿಗೆ ಇದೆ. ಅಡ್ಮಿಟ್ ಆದವರಿಗೆ ಮಾತ್ರ ದುಡ್ಡು ಅನ್ನುವ ನಿಯಮ ಜ್ವರಕ್ಕೋ ಮೂಳೆ ಮುರಿತಕ್ಕೋ ಸರಿ ಇರಬಹುದು. ದಿನಾ ಮನೆಯಲ್ಲೇ ತಡೆಯಬೇಕಾದ ಕಾಯಿಲೆಗೆ ಅದು ತಲೆಕೆಳಗಾದ ನಿಯಮ. ಲಟಾನೊಪ್ರೋಸ್ಟ್ 2022ರಲ್ಲಿ ಕೇಂದ್ರದ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. ಒಳ್ಳೆಯದೇ. ಆ ಪಟ್ಟಿಯಿಂದ ತಾಲ್ಲೂಕು ಆಸ್ಪತ್ರೆಯ ಕಿಟಕಿಗೆ ಬರುವ ದಾರಿ ಉದ್ದ.

ಆಪರೇಷನ್ ಆದರೆ ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ. ಮೊದಲ ತಿಂಗಳು ವಾರ ವಾರ ಬೆಂಗಳೂರು. ಹೊಲಿಗೆ ಸಡಿಲ ಮಾಡಬೇಕು, ಕಿಂಡಿ ಮುಚ್ಚಿಕೊಳ್ಳದ ಹಾಗೆ ನೋಡಬೇಕು, ಬೇರೆ ಡ್ರಾಪ್ಸ್ ಹಾಕಬೇಕು. ಇದ್ಯಾವುದೂ ಪ್ಯಾಕೇಜಿನಲ್ಲಿ ಪೂರ್ತಿ ಬರಲಿಲ್ಲ. ದೊಡ್ಡಮ್ಮನಿಗೆ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ, ಕರೆದುಕೊಂಡು ಹೋಗುವ ಅಣ್ಣನಿಗೆ ಟಿಕೆಟ್. ಟಿಕೆಟ್ ದೊಡ್ಡ ವಿಷಯವಲ್ಲ. ಅವತ್ತು ಅಂಗಡಿ ಬಾಗಿಲು ಹಾಕಿರುತ್ತದಲ್ಲ, ಅದು ದೊಡ್ಡದು. ಹೈವೇ ಪಕ್ಕದ ಪಂಕ್ಚರ್ ಅಂಗಡಿ ಎರಡು ಸಲ ಮುಚ್ಚಿದ್ದು ಕಂಡರೆ ಲಾರಿಯವರು ಮೂರನೇ ಸಲ ಆ ಕಡೆ ತಿರುಗಿಯೂ ನೋಡುವುದಿಲ್ಲ. ಡಾಲರ್ ಲೆಕ್ಕದ ಆ ಅಧ್ಯಯನದಲ್ಲಿ ಈ ಬಾಬ್ತು ಇರಲಿಲ್ಲ, ಅದು ಆಸ್ಪತ್ರೆ ಮತ್ತು ಔಷಧದ ನೇರ ಖರ್ಚು ಮಾತ್ರ. ನಮ್ಮ ಕವರಿನಲ್ಲೂ ಇದರ ಚೀಟಿ ಇಲ್ಲ.

ಎಡಗಣ್ಣಿನ ಕಿಂಡಿ ಕೊನೆಗೂ ಮುಚ್ಚಿಕೊಂಡಿತು. ಆಮೇಲೆ ವಾಲ್ವ್ ಅಂದರು, ನೀರು ಹೊರಹೋಗೋಕೆ ಒಂದು ಸಣ್ಣ ಕೊಳವೆ. ಅಮೆರಿಕದಿಂದ ಬರುವ ಅಹ್ಮದ್ ವಾಲ್ವ್ ದುಬಾರಿ. ಮದುರೈನ ಅರವಿಂದ್ ಕಣ್ಣಾಸ್ಪತ್ರೆಯವರ ಔರೋಲ್ಯಾಬ್ 2013ರಿಂದ ತಮ್ಮದೇ ಕೊಳವೆ ಮಾಡುತ್ತಾರೆ. ಸುಮಾರು 50 ಡಾಲರಿಗೆ ಸಿಗುವ ಸಾಧನ. ಒಂದು ಕಾಲಕ್ಕೆ ಪೊರೆ ಆಪರೇಷನ್ನಿನ ಲೆನ್ಸ್ ಬೆಲೆ ಇಳಿಸಿದ್ದೂ ಅವರೇ. ದೊಡ್ಡಮ್ಮನಿಗೆ ಹಾಕಿದ್ದು ಇದನ್ನೇ. ಪ್ರೆಶರ್ ನಿಂತಿದೆ. ಅಷ್ಟು ಹೊತ್ತಿಗೆ ಆ ಕಣ್ಣಿನಲ್ಲಿ ಉಳಿದಿದ್ದು ಬೆಳಕು ಗೊತ್ತಾಗುವಷ್ಟು ಮಾತ್ರ. ಬಲಗಣ್ಣಿನಲ್ಲಿ ನಡುವಿನ ಒಂದು ಸಣ್ಣ ವೃತ್ತ. ಆ ವೃತ್ತದಲ್ಲಿ ಅವರು ಇವತ್ತಿಗೂ ಪಂಚಾಂಗ ಓದುತ್ತಾರೆ, ಪಕ್ಕದಲ್ಲಿ ನಿಂತ ನನ್ನನ್ನು ಮಾತ್ರ ಕಾಣುವುದಿಲ್ಲ. ಹೊಸಬರು ಇವರಿಗೆ ಕಣ್ಣು ಕಾಣಲ್ಲ ಅಂದರೆ ನಂಬುವುದೇ ಇಲ್ಲ.

ಈ ಹಂತದ ಖರ್ಚು ಮೆಡಿಕಲ್ ಶಾಪಿನಲ್ಲಿ ಇಲ್ಲ. ಬಚ್ಚಲಿನ ಮೆಟ್ಟಿಲು ಎಡವಿ ಬಿದ್ದು ಮಣಿಕಟ್ಟು ಮುರಿಯಿತು, ಅದಕ್ಕೊಂದು ಆಸ್ಪತ್ರೆ. ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ್ದು, ಹಿತ್ತಲಿಗೆ ಲೈಟು ಹಾಕಿಸಿದ್ದು, ಅತ್ತಿಗೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿ ಉಳಿದಿದ್ದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ನೋಟದ ಹರವು ಹತ್ತು ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ ಅಂತಲೇ ಲೆಕ್ಕ, ನೇರ ನೋಟ ಎಷ್ಟೇ ಚೆನ್ನಾಗಿದ್ದರೂ. ಗ್ಲಾಕೋಮಾದವರಿಗೆ ಇದು ಗೊತ್ತಿರಲೇಬೇಕು. ಎಷ್ಟೋ ಜನ "ನನಗೆ ಅಕ್ಷರ ಕಾಣುತ್ತಲ್ಲ" ಅಂತ ಅರ್ಜಿಯೇ ಹಾಕುವುದಿಲ್ಲ. ಹಳೇ ಫೀಲ್ಡ್ ಟೆಸ್ಟ್ ರಿಪೋರ್ಟುಗಳನ್ನು ಎಸೆಯಬೇಡಿ.

ಬಿಲ್ಲು ಜೋಡಿಸುವಾಗಲೇ ಇಂಗ್ಲೆಂಡಿನ ಒಂದು ಅಧ್ಯಯನ ಓದಿದೆ. ಹೊಸದಾಗಿ ಕಾಯಿಲೆ ಗೊತ್ತಾದ 718 ಜನರಲ್ಲಿ ಅರ್ಧದಷ್ಟು ಜನಕ್ಕೆ ಮೊದಲು ಡ್ರಾಪ್ಸ್, ಉಳಿದವರಿಗೆ ಮೊದಲೇ, ಕಣ್ಣಿನ ಜಾಲರಿಗೆ ಹೊಡೆದು ನೀರು ಸರಾಗವಾಗಿ ಹೊರಗೆ ಹೋಗುವ ಹಾಗೆ ಮಾಡುವ ಎಸ್‌ಎಲ್‌ಟಿ ಅನ್ನುವ ಲೇಸರ್. ಕೆಲವೇ ನಿಮಿಷದ ಕೆಲಸ, ಗಾಯ ಇಲ್ಲ. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ವರ್ಷದ ಮೇಲೂ ಲೇಸರಿನವರಲ್ಲಿ ನೂರಕ್ಕೆ 74 ಮಂದಿಗೆ ಡ್ರಾಪ್ಸ್ ಬೇಕಾಗಿರಲಿಲ್ಲ. ಟ್ರಾಬೆಕ್ಯುಲೆಕ್ಟಮಿ ಆಪರೇಷನ್ ಡ್ರಾಪ್ಸ್ ಗುಂಪಿನಲ್ಲಿ 11 ಆಗಿದ್ದರೆ ಲೇಸರ್ ಗುಂಪಿನಲ್ಲಿ ಒಂದೂ ಇಲ್ಲ. ಖರ್ಚೂ ಕಡಿಮೆ. 2022ರಲ್ಲಿ ಅಲ್ಲಿನ ಸರ್ಕಾರಿ ಮಾರ್ಗಸೂಚಿಯೇ ಬದಲಾಗಿ, ಲೇಸರನ್ನು ಮೊದಲು ಕೊಡಿ ಅಂತ ಆಯಿತು. ಎಲ್ಲರಿಗೂ ಇದು ಆಗುವುದಿಲ್ಲ, ನೀರು ಹೊರಹೋಗುವ ಮೂಲೆಯೇ ಮುಚ್ಚಿಕೊಂಡ, ಅಂದರೆ ಕೋನ ಮುಚ್ಚಿದ ಗ್ಲಾಕೋಮಾಗೆ ಬೇರೆ ಲೇಸರ್ ಇದೆ, ಇದರ ಪರಿಣಾಮವೂ ವರ್ಷಗಳ ಮೇಲೆ ಇಳಿಯಬಹುದು. ಆದರೂ ಕರೆಂಟು, ಫ್ರಿಜ್ಜು, ನಡುಗುವ ಕೈ, ಕೊಬ್ಬರಿ ರೇಟು, ಇದನ್ನೆಲ್ಲ ದಾಟಿ ದಿನಾ ಕಣ್ಣಿಗೆ ಬೀಳಬೇಕಾದ ಹನಿಗಿಂತ ಒಮ್ಮೆ ಹೊಡೆಸಿಕೊಂಡು ಬರುವ ಲೇಸರ್ ನಮ್ಮ ಹಳ್ಳಿಗಳಿಗೇ ಜಾಸ್ತಿ ಹೊಂದುತ್ತದೆ ಅಂತ ನನಗನ್ನಿಸುತ್ತದೆ. ಕಾರ್ಡಿನಲ್ಲಿ ದುಡ್ಡು ಹಾಕಬೇಕಾದ ಜಾಗ ಇದು.

ಒಡಹುಟ್ಟಿದವರಿಗೆ, ಮಕ್ಕಳಿಗೆ ಈ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಹಾಗಾಗಿ ಅಮ್ಮನನ್ನೂ ಸೋದರಮಾವನನ್ನೂ ಒಟ್ಟಿಗೆ ಕರೆದುಕೊಂಡು ಹೋದೆ. ಅಮ್ಮನಿಗೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಅಂದರು. ಮಾವನಿಗೆ ಪ್ರೆಶರ್ 26, ನರದಲ್ಲಿ ಬದಲಾವಣೆ ಶುರುವಾಗಿದೆ. ಮಾವ ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿದವರು, ಲೆಕ್ಕ ಬಾಯಲ್ಲೇ ಇರುತ್ತದೆ. "ಲೇಸರಿಗೆ ಎಷ್ಟು, ಎಷ್ಟು ವರ್ಷ ಬರುತ್ತೆ?" ಅಂತ ಡಾಕ್ಟರನ್ನು ಕೇಳಿದರು. ಗ್ಯಾರಂಟಿ ಕೊಡೋಕಾಗಲ್ಲ ಯಜಮಾನರೇ, ಕೆಲವು ವರ್ಷ ಬರಬಹುದು, ಬೇಕಾದರೆ ಮತ್ತೆ ಮಾಡಬಹುದು ಅಂದರು ಅವರು. ಖರ್ಚು ಹತ್ತಿರತ್ತಿರ ಒಂದು ವರ್ಷದ ಡ್ರಾಪ್ಸ್ ದುಡ್ಡಿನಷ್ಟೇ ಇತ್ತು. ಮಾವ ಅಲ್ಲೇ ಒಪ್ಪಿದರು. ಈಗ ಪ್ರೆಶರ್ 17ಕ್ಕೆ ಬಂದಿದೆ.

ಅಣ್ಣನ ಪರೀಕ್ಷೆ ಮಾತ್ರ ಇನ್ನೂ ಆಗಿಲ್ಲ. ಇಷ್ಟು ವರ್ಷ ದೊಡ್ಡಮ್ಮನ ಕೈಹಿಡಿದು ಅದೇ ಆಸ್ಪತ್ರೆಗೆ ಓಡಾಡಿದವನು, ಹೊರಗಿನ ಬೆಂಚಿನ ಮೇಲೆ ಕೂತು ಕಾದವನು. ನಲವತ್ತೇಳು ಆಯಿತು. ಕೇಳಿದರೆ "ನನಗೇನಾಗಿದೆಯೋ, ಕಣ್ಣು ಚೆನ್ನಾಗೇ ಕಾಣುತ್ತಲ್ಲ, ಮತ್ತೊಂದು ದಿನ ಅಂಗಡಿ ಮುಚ್ಚೋಕಾಗುತ್ತಾ?" ಅಂತಾನೆ.